ಏನನ್ನೂ ಕೂಡಿಸದ ಪೆಟ್ಟಿಗೆ

ಪೀಣ್ಯದ ಎರಡನೆಯ ಹಂತದಲ್ಲಿ, ನಮ್ಮ ಮನೆಯಿಂದ ನಾಲ್ಕು ಬೀದಿಗಳಾಚೆ ಇರುವ ಲೇತ್ ಶೆಡ್ಡೊಂದರಲ್ಲಿ, ಕಾರ್ತಿಕ ಮಾಸದ ಒಂದು ಶನಿವಾರ ಮಧ್ಯಾಹ್ನ, ಪಾಳಿ ಮುಗಿದು ಸುತ್ತಲಿನ ಯಂತ್ರಗಳು ಒಂದೊಂದಾಗಿ ಮೌನವನ್ನು ತಾಳುತ್ತಿದ್ದ ಹೊತ್ತಿನಲ್ಲಿ, ಶೆಡ್ಡಿನ ಯಜಮಾನರು ಅಲ್ಯೂಮಿನಿಯಂ ಸರಳಿನ ಉಳಿಕೆ ತುಂಡೊಂದನ್ನು ಚಕ್ಕಿಗೆ ಕಚ್ಚಿಸಿ ನನಗೊಂದು ತಿರುಗುಗುಂಡಿಯನ್ನು ಕಡೆದುಕೊಟ್ಟರು. ಒಂದೂವರೆ ಅಂಗುಲದ ವ್ಯಾಸ, ಬೆರಳು ಜಾರದಂತೆ ಅಂಚಿಗೆ ನರ್ಲಿಂಗ್, ನಡುವೆ 6 ಮಿಲಿಮೀಟರಿನ ದಂಡಿಗೆ ಅಲ್ಲಾಡದಂತೆ ಕೂರುವ ರಂಧ್ರ, ಪಕ್ಕದಿಂದ ಬಿಗಿಯಲು ಒಂದು ಗ್ರಬ್ ಸ್ಕ್ರೂ: ಇಷ್ಟನ್ನು ಅವರು ಅರ್ಧ ಗಂಟೆಯೊಳಗೆ ಮುಗಿಸಿ, ಗುಂಡಿಯನ್ನು ಹತ್ತಿಯ ವೇಸ್ಟಿನಿಂದ ಒರೆಸಿ ಅಂಗೈಯಲ್ಲಿಟ್ಟುಕೊಂಡು ಯಾತಕ್ಕೆಂದು ಕೇಳಿದರು. ನಾನು ಚೀಲದಿಂದ ತಗಡಿನ ಪುಟ್ಟ ಪೆಟ್ಟಿಗೆಯನ್ನು ತೆಗೆದು, ಇದು ಪ್ರೀಆಂಪ್ಲಿಫೈಯರು ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು. “ಟ್ರಾನ್ಸ್‌ಫಾರ್ಮರ್ ಎಲ್ಲಿ ಕೂರಿಸ್ತೀರಿ ಸಾರ್? ಜಾಗಾನೇ ಇಲ್ಲವಲ್ಲ.” ಇದಕ್ಕೆ ಕರೆಂಟು ಬೇಡ ಎಂದೆ. “ಕರೆಂಟಿಲ್ಲದೆ ಅದು ಏನು ಕೆಲಸ ಮಾಡುತ್ತೆ ಸಾರ್?”

ಆ ಪ್ರಶ್ನೆಗೆ ಅಲ್ಲಿ ನಿಂತ ನಿಲುವಿನಲ್ಲಿ ನಾನಿತ್ತ ಉತ್ತರ ಅವರಿಗಾಗಲಿ ನನಗಾಗಲಿ ತೃಪ್ತಿಕರವಾಗಿರಲಿಲ್ಲ. ಆದುದರಿಂದ ಇಲ್ಲಿ ಅದನ್ನು ಸಾವಕಾಶವಾಗಿ ಹೇಳಲೆತ್ನಿಸುತ್ತೇನೆ.

ಪ್ರೀಆಂಪ್ ಎಂಬ ಯಂತ್ರವು ಹುಟ್ಟಿದ್ದು ನಿಜವಾದ ಬಡತನದಿಂದ. ಗ್ರಾಮಫೋನಿನ ಮುಳ್ಳು ತಟ್ಟೆಯ ಗೀರಿನಲ್ಲಿ ಓಡುವಾಗ ಹುಟ್ಟುವ ವಿದ್ಯುತ್ತು, ಇಂದಿಗೂ ರೂಢಿಯಲ್ಲಿರುವ ಆಯಸ್ಕಾಂತದ ಮಾದರಿಯ ಕಾರ್ಟ್ರಿಜ್ಜಿನಲ್ಲಿ, ಒಂದು ವೋಲ್ಟಿನ ಸಾವಿರದಲ್ಲಿ ಐದು ಭಾಗದಷ್ಟು ಮಾತ್ರ. ಅದೂ ತನ್ನ ಸಹಜರೂಪದಲ್ಲಿಲ್ಲ, ಏಕೆಂದರೆ ತಟ್ಟೆಯನ್ನು ಕೊರೆಯುವಾಗ ಗೀರುಗಳು ಒಂದರೊಳಗೊಂದು ನುಗ್ಗದಿರಲೆಂದು ಮಂದ್ರಧ್ವನಿಗಳನ್ನು ತಗ್ಗಿಸಿ, ಮೇಲ್ಮೈಯ ಸರಸರ ಶಬ್ದ ಮುಚ್ಚಿಹೋಗಲೆಂದು ತಾರಧ್ವನಿಗಳನ್ನು ಏರಿಸಿ ಬರೆದಿರುತ್ತಾರೆ. ಈ ಏರಿಳಿತಗಳ ಪ್ರಮಾಣವನ್ನು ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘವು ನಿರ್ಧರಿಸಿದ ವರ್ಷ 1954; ನಮ್ಮ ಪೀಣ್ಯಕ್ಕೆ ಅಂಟಿಕೊಂಡ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸ್ಥಾಪಿತವಾದುದೂ ಅದೇ ವರ್ಷ. ಆ ಕಾರ್ಖಾನೆಯಿಂದ 1961ರಲ್ಲಿ ವಾಲ್ವುಗಳೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳೂ ಹೊರಬಂದು, ರೇಡಿಯೋ ಕಟ್ಟುವ ಹವ್ಯಾಸವು ಈ ಊರಿನ ತರುಣರ ಕೈಗೆ ಹತ್ತಿದ ಕಾಲದಲ್ಲಿ, ಪ್ರೀಆಂಪ್ ಇಲ್ಲದ ಸಂಗೀತವ್ಯವಸ್ಥೆಯನ್ನು ಯಾರೂ ಕಲ್ಪಿಸುವಂತಿರಲಿಲ್ಲ. ಅಣುಮಾತ್ರವಾದುದನ್ನು ನೂರು ಪಟ್ಟು ಹಿಗ್ಗಿಸಿ, ವಕ್ರವಾದುದನ್ನು ನೇರ್ಪಡಿಸಿ, ಮುಂದಿನ ದೊಡ್ಡ ಆಂಪ್ಲಿಫೈಯರಿಗೆ ಯೋಗ್ಯವಾಗುವಂತೆ ಸಿದ್ಧಗೊಳಿಸತಕ್ಕ ಯಂತ್ರವೊಂದು ನಡುವೆ ಇರಲೇಬೇಕಾಗಿತ್ತು.

1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಿತು. ಅದರ ಪ್ಲೇಯರು ಹೊರಗೆ ಕೊಡುವ ವಿದ್ಯುತ್ತು ಪೂರ್ಣಮಟ್ಟದಲ್ಲಿ ಸುಮಾರು 2 ವೋಲ್ಟು. ಇದು ಗ್ರಾಮಫೋನಿನ ಮುಳ್ಳು ಕೊಡುವುದರ ನಾನೂರು ಪಟ್ಟು. ಅದಕ್ಕೆ ತಿದ್ದುಪಡಿಯೂ ಬೇಕಿಲ್ಲ. ಇಂದು ಗಣಕಕ್ಕೋ ಫೋನಿಗೋ ಜೋಡಿಸುವ, ಅಂಕಿಗಳನ್ನು ಸಂಗೀತದ ವಿದ್ಯುತ್ತಾಗಿ ಮಾರ್ಪಡಿಸುವ ಡ್ಯಾಕ್‌ಗಳಲ್ಲಿ ಬಹುಪಾಲು ಅದೇ 2 ವೋಲ್ಟಿನ ರೂಢಿಯನ್ನು ಅನುಸರಿಸುತ್ತವೆ. ಇನ್ನು ಆ ವಿದ್ಯುತ್ತನ್ನು ಕೊಳ್ಳುವವನ ಕಡೆಯ ಲೆಕ್ಕವನ್ನು ನೋಡೋಣ. ನನ್ನ ಮನೆಯ ಪವರ್ ಆಂಪ್ಲಿಫೈಯರು 8 ಓಮ್‌ನ ಸ್ಪೀಕರಿಗೆ 50 ವ್ಯಾಟು ಕೊಡುವಂಥದು. ಅಷ್ಟು ಕೊಡಲು ಅದು 20 ವೋಲ್ಟು ಹೊರಗೆಡಹಬೇಕು. ಒಳಬಂದುದನ್ನು ಅದು ತಾನೇ 20 ಪಟ್ಟು ಹೆಚ್ಚಿಸುವುದರಿಂದ ಒಳಗೆ 1 ವೋಲ್ಟು ಕೊಟ್ಟರೆ ಸಾಕು. ಆ ಮಟ್ಟದಲ್ಲಿ ನಾನೆಂದೂ ಕೇಳುವುದಿಲ್ಲ. ಸಂಜೆ ಮನೆಮಂದಿಯೆಲ್ಲ ಕುಳಿತು ತುಂಬುಕಂಠದ ಗಾಯನವನ್ನು ಕೇಳುವಾಗಲೂ ಸ್ಪೀಕರಿಗೆ ಹೋಗುವುದು ಒಂದು ವ್ಯಾಟಿನ ಆಸುಪಾಸು. ಅದಕ್ಕೆ ಬೇಕಾದುದು ಆಂಪ್ಲಿಫೈಯರಿನ ಬಾಗಿಲಲ್ಲಿ 0.14 ವೋಲ್ಟು. ಎಂದರೆ ಪ್ಲೇಯರು ಕೊಡಬಲ್ಲ 2 ವೋಲ್ಟಿನ ಹದಿನಾಲ್ಕನೆಯ ಒಂದು ಪಾಲು. ಹೀಗಿರಲು, ಸಾಮಾನ್ಯ ಪ್ರೀಆಂಪ್ ಮಾಡುವುದೇನೆಂದರೆ, ಬಂದ ವಿದ್ಯುತ್ತನ್ನು ತನ್ನ ವಾಲ್ಯೂಮ್ ಕಂಟ್ರೋಲಿನಲ್ಲಿ ಎಪ್ಪತ್ತನೆಯ ಒಂದು ಪಾಲಿಗೆ ಕಡಿದು, ಆಮೇಲೆ ಟ್ರಾನ್ಸಿಸ್ಟರುಗಳಿಂದ ಐದು ಪಟ್ಟು ಏರಿಸಿ, ಮತ್ತೆ ಆ ಹದಿನಾಲ್ಕನೆಯ ಪಾಲಿಗೇ ತಂದು ನಿಲ್ಲಿಸುವುದು. ಕಡಿಯುವುದೊಂದನ್ನೇ ಇಟ್ಟುಕೊಂಡು, ಏರಿಸುವುದನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರೆ ಆಗುವುದೇ ನಿಷ್ಕ್ರಿಯ, ಅಥವಾ ಅಂಗಡಿಯವರೂ ಹವ್ಯಾಸಿಗಳೂ ಹೇಳುವಂತೆ ಪ್ಯಾಸಿವ್, ಪ್ರೀಆಂಪ್.

ಲೇತ್ ಶೆಡ್ಡಿನ ಯಜಮಾನರಿಗೆ ನಾನು ಕೊಡಬೇಕಾಗಿದ್ದ ಉತ್ತರ ಕೆರೆಯ ತೂಬಿನದು. ಏರಿಯ ಹಿಂದೆ ನೀರು ಗದ್ದೆಗಿಂತ ಎತ್ತರದಲ್ಲಿ ನಿಂತಿರುವಾಗ ನೀರುಗಂಟಿಗೆ ಪಂಪ್‌ಸೆಟ್ಟಿನಿಂದ ಏನು ಪ್ರಯೋಜನ? ಅವನ ಕೆಲಸವೆಲ್ಲ ತೂಬನ್ನು ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂಬುದರಲ್ಲಿದೆ. ಬಾವಿಯಲ್ಲಿ ನೀರು ಪಾತಾಳದಲ್ಲಿದ್ದಾಗ ಪಂಪು ಬೇಕು; ಗ್ರಾಮಫೋನಿನ ಮುಳ್ಳು ಆ ಬಾವಿ. ಕೆರೆ ತುಂಬಿರುವಲ್ಲಿ ತೂಬು ಸಾಕು. ನನ್ನ ಪೆಟ್ಟಿಗೆಯೊಳಗೆ ಇದ್ದುದೂ ಅಷ್ಟೇ: ಪ್ಲೇಯರು, ಡ್ಯಾಕು, ಟ್ಯೂನರುಗಳಲ್ಲಿ ಒಂದನ್ನು ಆರಿಸಲು ಒಂದು ರೋಟರಿ ಸ್ವಿಚ್ಚು, ಎಡಬಲಗಳೆರಡಕ್ಕೂ ಒಂದೇ ದಂಡಿಯ ಮೇಲೆ ಜೋಡಿಯಾಗಿ ಕುಳಿತ ಸ್ಟೀರಿಯೋ ಪಾಟು, ಎಂದರೆ ಪೊಟೆನ್ಷಿಯೋಮೀಟರು, ಹಿಂಬದಿಯಲ್ಲಿ ಎಂಟು ಆರ್‌ಸಿಎ ಸಾಕೆಟ್ಟುಗಳು, ಇವುಗಳ ನಡುವೆ ನಾಲ್ಕು ಗೇಣು ತಂತಿ. ಇಂಗಾಲದ ಪಟ್ಟಿಯೊಂದರ ಒಂದು ತುದಿಗೆ ಸಂಗೀತ ಬರುತ್ತದೆ, ಇನ್ನೊಂದು ತುದಿ ಗ್ರೌಂಡಿಗೆ ಸೇರಿರುತ್ತದೆ, ನಡುವೆ ಜಾರುವ ಲೋಹದ ನಾಲಗೆಯೊಂದು ತಾನು ನಿಂತ ಎತ್ತರಕ್ಕೆ ತಕ್ಕ ಪಾಲನ್ನು ಮುಂದಕ್ಕೆ ಕೊಡುತ್ತದೆ.

ಇದನ್ನು ಪರೀಕ್ಷಿಸಿ ನೋಡಬೇಕೆಂಬ ಯೋಚನೆ ನನ್ನಲ್ಲಿ ಬೆಳೆದುದಕ್ಕೆ ನಮ್ಮ ಬೀದಿಯೂ ಒಂದು ಕಾರಣ. ಪೀಣ್ಯದಲ್ಲಿ ವಾಸಿಸುವವರು ವಿದ್ಯುತ್ತನ್ನು ಯಂತ್ರಗಳೊಡನೆ ಹಂಚಿಕೊಂಡು ಬದುಕಬೇಕು. ಸಮೀಪದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ವೆಲ್ಡಿಂಗ್ ಆರಂಭವಾದರೆ ನಮ್ಮ ಹಳೆಯ ಪ್ರೀಆಂಪಿನಲ್ಲಿ ಎಳ್ಳು ಸಿಡಿದಂತೆ ಚಟಪಟ ಶಬ್ದವೇಳುತ್ತಿತ್ತು. ಅದಿಲ್ಲದ ಹೊತ್ತಿನಲ್ಲಿ ಕೆಳಮಟ್ಟದ ಗುಂಯ್‌ಗುಟ್ಟುವಿಕೆಯೊಂದು ನಿರಂತರವಾಗಿರುತ್ತಿತ್ತು. ಮುಚ್ಚಳ ತೆಗೆದು ನೋಡಿದಾಗ, ವಿದ್ಯುತ್ತನ್ನು ಸೋಸತಕ್ಕ ಕೆಪಾಸಿಟರುಗಳು ವಯಸ್ಸಾಗಿ ಒಣಗಿದ್ದುವು. ಹೊಸವನ್ನು ಹಾಕಿದೆ, ಗುಂಯ್‌ಗುಟ್ಟುವುದು ಬಹುಮಟ್ಟಿಗೆ ನಿಂತಿತು. ಆದುದರಿಂದ ಆ ದೋಷವನ್ನೆಲ್ಲ ಸಕ್ರಿಯ ಪ್ರೀಆಂಪ್ ಎಂಬ ಜಾತಿಯ ಮೇಲೆಯೇ ಹೊರಿಸುವುದು ಅನ್ಯಾಯವಾದೀತು. ಆದರೆ ಮುಚ್ಚಳ ತೆಗೆದಿದ್ದ ಆ ಸಂಜೆ ಒಳಗಿನ ಟ್ರಾನ್ಸ್‌ಫಾರ್ಮರು, ಡಯೋಡುಗಳು, ಕೆಪಾಸಿಟರುಗಳು, ಒಂದು ಡಜನ್ ಟ್ರಾನ್ಸಿಸ್ಟರುಗಳು ಇವುಗಳನ್ನೆಲ್ಲ ಎದುರಿಗಿಟ್ಟುಕೊಂಡು ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿದಾಗ, ನನ್ನ ಮನೆಯ ಮಟ್ಟಿಗೆ ಇವುಗಳ ಸೇವೆ ಅವಶ್ಯಕವೇ ಎಂಬ ಪ್ರಶ್ನೆ ಎದ್ದು ನಿಂತಿತು.

ಪಾಟನ್ನು ತರಲು ಪೀಣ್ಯ ಇಂಡಸ್ಟ್ರಿ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ಚಿಕ್ಕಪೇಟೆಯಲ್ಲಿಳಿದು, ಅಲ್ಲಿಂದ ಎಸ್.ಪಿ. ರೋಡಿಗೆ ನಡೆದೆ. ಬೆಂಗಳೂರಿನಲ್ಲಿ ರೇಡಿಯೋ ಬಿಚ್ಚಿದವನೊಬ್ಬನಾದರೂ ಆ ರಸ್ತೆಯನ್ನು ಕಾಣದೆ ಇದ್ದಾನೆಂದು ನನಗೆ ತೋರುವುದಿಲ್ಲ. ಒಂದಾಳು ಓರೆಯಾಗಿ ನಿಲ್ಲುವಷ್ಟೇ ಜಾಗವುಳ್ಳ ಅಂಗಡಿ. ಗೋಡೆಯ ತುಂಬ ಸಣ್ಣ ಡ್ರಾಯರುಗಳು. ಪ್ರತಿಯೊಂದರ ಮೇಲೂ ಮಾಸಿದ ಚೀಟಿ. “ಲಾಗಾ, ಲೀನಿಯರಾ?” ಎಂಬುದೇ ಅಂಗಡಿಯವರ ಮೊದಲ ಪ್ರಶ್ನೆ.

ಈ ಪ್ರಶ್ನೆಯ ಅರ್ಥವನ್ನು ನಮ್ಮ ವೀಣೆಯೇ ಬಹು ಸುಂದರವಾಗಿ ವಿವರಿಸುತ್ತದೆ. ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿವೆ. ಅವು ಸಮಾನ ಅಂತರದಲ್ಲಿಲ್ಲ. ಮೇರುವಿನ ಬಳಿ ವಿರಳವಾಗಿರತಕ್ಕವು ಕುಡಿಕೆಯ ಕಡೆಗೆ ಬರುತ್ತ ಬರುತ್ತ ಒತ್ತೊತ್ತಾಗುತ್ತವೆ. ತಂತಿಯ ಉದ್ದ ಅರ್ಧವಾದಲ್ಲಿ ಸ್ಥಾಯಿಯೊಂದು ಮುಗಿಯುತ್ತದೆ; ಉಳಿದುದರಲ್ಲಿ ಮತ್ತೆ ಅರ್ಧವಾದಲ್ಲಿ ಇನ್ನೊಂದು. ಅಳತೆಪಟ್ಟಿಗೆ ಈ ಅಂತರಗಳು ವಿಷಮ, ಕಿವಿಗೆ ಮಾತ್ರ ಅವು ಸಮ. ಏಕೆಂದರೆ ಕಿವಿಯು ಕೂಡುವುದನ್ನೂ ಕಳೆಯುವುದನ್ನೂ ಅರಿಯದೆ, ಅನುಪಾತವೊಂದನ್ನೇ ಅರಿಯುತ್ತದೆ. ಸ್ವರದ ಎತ್ತರದಲ್ಲಿ ನಿಜವಾದ ಈ ಧರ್ಮವು ಧ್ವನಿಯ ಗಾತ್ರದಲ್ಲಿಯೂ ನಿಜ. ಸ್ಪೀಕರಿನ ಶಕ್ತಿ ಹತ್ತು ಪಟ್ಟಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ತೋರುತ್ತದೆ. ಲೀನಿಯರ್ ಪಾಟು ಅಳತೆಪಟ್ಟಿಯ ಪ್ರಕಾರ ಸಮನಾಗಿ ಏರುವುದರಿಂದ ಗುಂಡಿಯನ್ನು ತುಸು ತಿರುಗಿಸಿದೊಡನೆಯೇ ಸದ್ದು ಥಟ್ಟನೆ ಎದ್ದು, ಉಳಿದ ಮುಕ್ಕಾಲು ಸುತ್ತಿನಲ್ಲಿ ಏನೂ ಆಗದಂತಿರುತ್ತದೆ. ಲಾಗ್ ಪಾಟಿನ ಇಂಗಾಲದ ಪಟ್ಟಿಯನ್ನು ವೀಣೆಯ ಮೆಟ್ಟಿಲುಗಳ ನ್ಯಾಯದಿಂದ ಬಳಿದಿರುತ್ತಾರೆ. ನಡುಸುತ್ತಿನಲ್ಲಿ ಅದು ಕೊಡುವುದು ಅರ್ಧವಲ್ಲ, ಶೇಕಡ 10ರಿಂದ 15ರಷ್ಟು ಮಾತ್ರ. ಅಗ್ಗದ ಪಾಟುಗಳಲ್ಲಿ ಈ ಬಾಗನ್ನು ಎರಡು ನೇರ ತುಂಡುಗಳಿಂದಲೇ ಅಂದಾಜಿಗೆ ಹೊಂದಿಸಿರುತ್ತಾರೆ. ಕೈಗೆ ಅದೂ ತಿಳಿಯುತ್ತದೆ.

ಲಾಗ್ ಎಂದೆ. ಅವರಲ್ಲಿದ್ದುದು 100 ಕಿಲೋ ಓಮ್‌ನದು, ಅದನ್ನೇ ತಂದೆ. ಆಂಪ್ಲಿಫೈಯರು ಆಗ ಹಜಾರದ ಆಚೆಯ ಮೂಲೆಯಲ್ಲಿ ಸ್ಪೀಕರುಗಳ ಬಳಿ ಇದ್ದುದರಿಂದ, ಪೆಟ್ಟಿಗೆಯಿಂದ ಅಲ್ಲಿಗೆ 5 ಮೀಟರು ಷೀಲ್ಡೆಡ್ ವೈರನ್ನು ಎಳೆದೆ. ಅದು ಮೈಕಿನವರು ಬಳಸುವ ಸಾಧಾರಣ ತಂತಿ. ರಾತ್ರಿ ಮೆಲುದನಿಯಲ್ಲಿ ಕೇಳಿದಾಗ ಎಲ್ಲವೂ ಚೆನ್ನಾಗಿತ್ತು. ಮಾರನೆಯ ಬೆಳಗ್ಗೆ ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣಾವಾದನದ ಡಿಸ್ಕೊಂದನ್ನು ಹಾಕಿದೆ. ಮೆಲುಮಟ್ಟದಲ್ಲಿ ಮುದ್ರಿತವಾದ ಡಿಸ್ಕಾದುದರಿಂದ ಗುಂಡಿಯನ್ನು ಗಡಿಯಾರದ ಮೂರು ಗಂಟೆಯ ಸ್ಥಾನದವರೆಗೆ ತಿರುಗಿಸಬೇಕಾಯಿತು. ನುಡಿಸುವ ನಾಲ್ಕು ತಂತಿಗಳ ನಾದ ತುಂಬಿ ಬರುತ್ತಿತ್ತು, ಗಮಕಗಳು ಸ್ಪಷ್ಟವಾಗಿದ್ದುವು. ಆದರೆ ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳು ಮೀಟಿದಾಗಲೆಲ್ಲ ಏಳಬೇಕಾದ ಆ ಬೆಳ್ಳಿಯ ಕಿಡಿ ಏಳಲಿಲ್ಲ. ಮೀಟಿದುದು ತಿಳಿಯುತ್ತಿತ್ತು, ಮಿನುಗಲಿಲ್ಲ. ಬಟ್ಟೆ ಹೊದಿಸಿದ ಗೆಜ್ಜೆಯಂತಿತ್ತು. ಮೂರು ದಿನಗಳವರೆಗೆ ನಾನು ಧ್ವನಿಮುದ್ರಣದ ಹಳಮೆಯನ್ನೇ ಶಂಕಿಸಿದೆ. ನಾಲ್ಕನೆಯ ದಿನ ಅದೇ ಡಿಸ್ಕನ್ನು ಹಳೆಯ ಪ್ರೀಆಂಪಿನ ಮೂಲಕ ಕೇಳಿದಾಗ ತಾಳದ ತಂತಿಗಳು ತಮ್ಮ ಹೊಳಪಿನೊಡನೆ ಹಿಂದಿರುಗಿದುವು.

ಏನನ್ನೂ ಕೂಡಿಸದ ಪೆಟ್ಟಿಗೆ ಏನನ್ನೋ ಕಳೆಯುತ್ತಿತ್ತೆಂದಾಯಿತು. ಅದು ಹೇಗೆಂಬುದೇ ಈ ವಿಷಯದ ತಿರುಳು. ಪ್ರತಿಯೊಂದು ಯಂತ್ರವೂ ವಿದ್ಯುತ್ತನ್ನು ಕೊಡುವಾಗ ತನ್ನೊಳಗೆ ಒಂದಿಷ್ಟು ತಡೆಯನ್ನು ಇಟ್ಟುಕೊಂಡೇ ಕೊಡುತ್ತದೆ, ಕೊಳ್ಳುವಾಗಲೂ ಒಂದಿಷ್ಟು ತಡೆಯನ್ನು ಒಡ್ಡಿಯೇ ಕೊಳ್ಳುತ್ತದೆ. ಇದನ್ನು ಇಂಪೀಡೆನ್ಸ್ ಎನ್ನುತ್ತಾರೆ. ಕೊಡುವವನ ತಡೆ ಕಡಮೆಯಾಗಿಯೂ ಕೊಳ್ಳುವವನ ತಡೆ ಅದರ ಹತ್ತು ಪಟ್ಟಿಗೆ ಕಡಮೆಯಿಲ್ಲದೆಯೂ ಇದ್ದರೆ ವ್ಯವಹಾರ ಸುಗಮ. ಪಾಟಿನ ನಾಲಗೆ ವಿದ್ಯುತ್ತನ್ನು ಅರ್ಧಕ್ಕಿಳಿಸುವ ಸ್ಥಾನದಲ್ಲಿ ನಿಂತಾಗ ಅದರ ಕೊಡುವ ತಡೆ ಅತ್ಯಧಿಕವಾಗಿ, ಪಾಟಿನ ಒಟ್ಟು ರೋಧದ ಕಾಲುಭಾಗವಾಗುತ್ತದೆ. ನನ್ನ 100 ಕಿಲೋ ಓಮ್ ಪಾಟಿನಲ್ಲಿ ಅದು 25 ಕಿಲೋ ಓಮ್. ಲಾಗ್ ಪಾಟಿನಲ್ಲಿ ಆ ಸ್ಥಾನ ಬರುವುದೂ ಸುಮಾರು ಆ ಮೂರು ಗಂಟೆಯ ಬಳಿಯೇ. ಇನ್ನು ತಂತಿ. ಷೀಲ್ಡೆಡ್ ವೈರಿನ ಒಳತಂತಿಯೂ ಹೊರಹೆಣಿಗೆಯೂ ಕೂಡಿ ತಾವೇ ಒಂದು ಕೆಪಾಸಿಟರಾಗಿರುತ್ತವೆ. ಮೀಟರಿಗೆ 200 ಪಿಕೋಫ್ಯಾರಡ್‌ನಂತೆ ನನ್ನ 5 ಮೀಟರು ತಂತಿ 1,000 ಪಿಕೋಫ್ಯಾರಡ್ ಹಿಡಿಯುತ್ತಿತ್ತು. ತೂಬಿನಿಂದ ಹೊರಟ ಕಾಲುವೆಯ ಉದ್ದಕ್ಕೂ ಸಣ್ಣ ಸಣ್ಣ ಕುಳಿಗಳಿವೆಯೆಂದು ಭಾವಿಸಿ. ನೀರು ನಿಧಾನವಾಗಿ ಏರಿ ಇಳಿಯುವಾಗ ಅವು ತುಂಬಿ ಬರಿದಾಗಲು ಕಾಲಾವಕಾಶವುಂಟು, ಅಲೆಯ ರೂಪ ಕೆಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಸಲ ಏರಿಳಿಯತಕ್ಕ ಕಿರಿಯ ಅಲೆಗಳು ಮಾತ್ರ ಆ ಕುಳಿಗಳನ್ನು ತುಂಬಿಸುವುದರಲ್ಲಿಯೇ ಸವೆದು ಗದ್ದೆಯನ್ನು ಮುಟ್ಟುವುದಿಲ್ಲ. ತೂಬಿನ ಬಾಯಿ ಕಿರಿದಾದಷ್ಟೂ ಈ ಸವೆತ ಹೆಚ್ಚು. ಆಂಪ್ಲಿಫೈಯರಿನ 47 ಕಿಲೋ ಓಮ್ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ನನ್ನ ಮನೆಯಲ್ಲಿ ಸೆಕೆಂಡಿಗೆ ಸುಮಾರು 10,000 ಕಂಪನಗಳ ನಾದದ ಶಕ್ತಿ ಅರ್ಧಕ್ಕಿಳಿಯುತ್ತಿತ್ತು. ಅದರ ಮೇಲಿನದು ಇನ್ನೂ ಹೆಚ್ಚಾಗಿ. ತಾಳದ ತಂತಿಗಳ ಮಿನುಗು ಇರುವುದು ಆ ಎತ್ತರದ ಅನುರಣನಗಳಲ್ಲಿ. ರಾತ್ರಿ ಮೆಲುದನಿಯಲ್ಲಿ ಕೇಳುವಾಗ ನಾಲಗೆಯು ಪಟ್ಟಿಯ ಬುಡದ ಬಳಿ ನಿಂತು ಕೊಡುವ ತಡೆ ಬಹಳ ಇಳಿದಿರುತ್ತಿದ್ದುದರಿಂದ ನಷ್ಟ ಕಿವಿಗೆ ಬಿದ್ದಿರಲಿಲ್ಲ. ಗುಂಡಿಯ ಸ್ಥಾನಕ್ಕೆ ತಕ್ಕಂತೆ ನಾದದ ಬಣ್ಣವೇ ಬದಲಾಗುತ್ತಿತ್ತು.

ಮತ್ತೆ ಚಿಕ್ಕಪೇಟೆಗೆ ಹೋಗಿ 10 ಕಿಲೋ ಓಮ್‌ನ ಪಾಟನ್ನು ತಂದೆ, ಆಂಪ್ಲಿಫೈಯರನ್ನು ಎತ್ತಿ ಪೆಟ್ಟಿಗೆಯ ಪಕ್ಕದಲ್ಲಿಯೇ ಇರಿಸಿ ತಂತಿಯನ್ನು ಒಂದು ಮೀಟರಿಗಿಳಿಸಿದೆ, ಉದ್ದವೇನಿದ್ದರೂ ಸ್ಪೀಕರ್ ತಂತಿಯಲ್ಲಿರಲೆಂದು ಬಿಟ್ಟೆ. ಈಗ ಕೊಡುವ ತಡೆ ಹೆಚ್ಚೆಂದರೆ 2.5 ಕಿಲೋ ಓಮ್; ಆ ಹಳೆಯ ಉದ್ದತಂತಿಯನ್ನೇ ಇಟ್ಟುಕೊಂಡಿದ್ದರೂ ನಷ್ಟ ಆರಂಭವಾಗುವುದು ಕಿವಿಯ ಮೇರೆಯಾದ 20,000 ಕಂಪನಗಳನ್ನು ದಾಟಿ ಬಹುದೂರದಲ್ಲಿ. ಕಾರ್ತಿಕದ ಆ ಶನಿವಾರ ಗುಂಡಿ ಕಡೆಸಲು ನಾನು ಶೆಡ್ಡಿಗೆ ಕೊಂಡೊಯ್ದುದು ಈ ಎರಡನೆಯ ಅವತಾರವನ್ನು. ಸಂಜೆ ಗುಂಡಿಯನ್ನು ಕೂರಿಸಿ ಅದೇ ಡಿಸ್ಕನ್ನು ಮತ್ತೆ ಹಾಕಿ, ಮೂರು ಗಂಟೆಯ ಸ್ಥಾನಕ್ಕೇ ತಿರುಗಿಸಿ ಕುಳಿತಾಗ, ಕಿರುಬೆರಳು ತಾಳದ ತಂತಿಗಳಿಗೆ ತಗುಲಿದ ಮೊದಲ ಸಲವೇ ಮಗಳು ಒಳಗಿನಿಂದ “ಅಪ್ಪಾ, ಈಗ ಸರಿಹೋಯಿತು” ಎಂದು ಕೂಗಿದಳು. ನಾನು ಅವಳಿಗೆ ಯಾವ ಲೆಕ್ಕವನ್ನೂ ಹೇಳಿರಲಿಲ್ಲ.

ಹಾಗಾದರೆ ಪಾಟನ್ನು ಇನ್ನೂ ಕಿರಿದಾಗಿಸುತ್ತ ಹೋಗಬಾರದೇಕೆ ಎಂದು ಯಾರಾದರೂ ಕೇಳಿಯಾರು. ಕೊಡುವವನೂ ಇದ್ದಾನೆಂಬುದನ್ನು ಮರೆಯುವಂತಿಲ್ಲ. ಪ್ಲೇಯರಿನೊಳಗಿನ ತಡೆ ಕೆಲವು ನೂರು ಓಮ್‌ಗಳಷ್ಟೇ ಆಗಿರುವುದರಿಂದ ಅದು 10 ಕಿಲೋ ಓಮ್ ಪಾಟನ್ನು ಸುಖವಾಗಿ ನಡೆಸುತ್ತದೆ. ಆದರೆ ವಾಲ್ವುಗಳಿಂದ ಕಟ್ಟಿದ ಹಳೆಯ ಟ್ಯೂನರುಗಳ ಹೊರಬಾಗಿಲಲ್ಲಿ ಪುಟ್ಟದೊಂದು ಕೆಪಾಸಿಟರು ಕುಳಿತಿರುತ್ತದೆ, ಅದು 0.1 ಮೈಕ್ರೋಫ್ಯಾರಡ್‌ನದಾಗಿದ್ದು ಎದುರಿಗೆ 10 ಕಿಲೋ ಓಮ್ ಬಂದರೆ, ಸೆಕೆಂಡಿಗೆ 160 ಕಂಪನಗಳ ಕೆಳಗಿನದೆಲ್ಲ ಜಾರಲಾರಂಭಿಸುತ್ತದೆ. ಮೃದಂಗದ ಎಡಮುಖದ ಗುಮುಕು ಹೋಗಿ, ತಂಬೂರಿಯ ಮಂದ್ರ ಷಡ್ಜ ಬಡವಾಗುತ್ತದೆ. ಒಂದು ಕಡೆ ತಾರದ ಅಂಚು, ಇನ್ನೊಂದು ಕಡೆ ಮಂದ್ರದ ಅಂಚು. ಇವೆರಡರ ನಡುವೆ ಪಾಟಿನ ರೋಧವನ್ನು ಆರಿಸತಕ್ಕದ್ದು ಆಯಾ ಮನೆಯ ಯಂತ್ರಗಳನ್ನು ನೋಡಿಯೇ ಹೊರತು, ಅಂಗಡಿಯ ಡ್ರಾಯರಿನಲ್ಲಿ ಯಾವುದಿದೆಯೋ ಅದನ್ನು ನೋಡಿಯಲ್ಲ.

ಪ್ಯಾಸಿವ್ ಪ್ರೀಆಂಪನ್ನು ಕುರಿತು ಪರೆ ಕಳಚಿದಂತಾಯಿತು, ಕಲಾವಿದನೇ ಎದುರಿಗೆ ಬಂದು ಕುಳಿತಂತಾಯಿತು ಎಂಬ ಮಾತುಗಳನ್ನು ಬಲ್ಲವರೂ ಆಡುವುದುಂಟು. ಅದನ್ನು ಸತ್ಯಶೋಧನೆಗೆ ಒಡ್ಡಬೇಕೆಂದು, ಕೆಪಾಸಿಟರು ಬದಲಾಯಿಸಿ ಸರಿಪಡಿಸಿದ್ದ ಹಳೆಯ ಪ್ರೀಆಂಪನ್ನೂ ಹೊಸ ಪೆಟ್ಟಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟೆವು. ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಎರಡರಲ್ಲಿ ಒಂದರ ಸದ್ದು ತೃಣಮಾತ್ರ ಹೆಚ್ಚಾಗಿದ್ದರೂ ಕಿವಿಯು ಅದನ್ನು ಹೆಚ್ಚು ಸದ್ದೆಂದು ತಿಳಿಯದೆ, ಹೆಚ್ಚು ಸೊಗಸೆಂದು ತಿಳಿಯುತ್ತದೆ. ಆದುದರಿಂದ 200 ಕಂಪನಗಳ ಸ್ಥಿರನಾದವೊಂದನ್ನು ಹಾಕಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರಿಟ್ಟು, ಎರಡರ ವೋಲ್ಟುಗಳೂ ಶೇಕಡ ಒಂದರೊಳಗೆ ಕೂಡುವಂತೆ ಹೊಂದಿಸಿದೆವು. ಬಳಿಕ ನಾನು ಬೆನ್ನು ತಿರುಗಿಸಿ ಕುಳಿತೆ. ಮಗಳು ನಾಣ್ಯ ಚಿಮ್ಮಿ ಬದಲಾಯಿಸುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಇಪ್ಪತ್ತು ಸರದಿ. ನಾನು ಸರಿಯಾಗಿ ಗುರುತಿಸಿದುದು ಹನ್ನೊಂದು. ಕಣ್ಣು ಮುಚ್ಚಿ ಊಹಿಸಿದವನಿಗೂ ಹತ್ತು ಸಿಕ್ಕೀತು. ಸುಸ್ಥಿತಿಯಲ್ಲಿರುವ ಸಕ್ರಿಯ ಪ್ರೀಆಂಪು ಸಂಗೀತವನ್ನು ಕೆಡಿಸುತ್ತದೆಂದು ನಾನು ಹೇಳಲಾರೆ. ಸಂಗೀತವಿಲ್ಲದಾಗ ಸ್ಪೀಕರಿಗೆ ಕಿವಿಯಿಟ್ಟು ಕೇಳಿದರೆ ಮಾತ್ರ ವ್ಯತ್ಯಾಸ ನಿಸ್ಸಂದೇಹವಾಗಿತ್ತು: ಹಳೆಯದರಲ್ಲಿ ಸಣ್ಣ ಮಳೆಯಂಥ ಸರಸರ, ಹೊಸದರಲ್ಲಿ ಬಹುತೇಕ ನಿಶ್ಶಬ್ದ. ಆಲಾಪದಲ್ಲಿ ಎರಡು ಉಸಿರುಗಳ ನಡುವೆ ಬರುವ ಮೌನವನ್ನು ಪ್ರೀತಿಸುವವರಿಗೆ ಅದು ಸಣ್ಣ ಲಾಭವಲ್ಲ. ಅದಕ್ಕಿಂತ ದೊಡ್ಡದಾಗಿ ನನಗೆ ತೋರುವುದು, ಒಂದು ಡಜನ್ ಟ್ರಾನ್ಸಿಸ್ಟರುಗಳೂ ಒಂದು ಟ್ರಾನ್ಸ್‌ಫಾರ್ಮರೂ ಮಾಡುತ್ತಿದ್ದ ಕೆಲಸವನ್ನು ಕೆಲವೇ ನೂರು ರೂಪಾಯಿಗಳ ಪಾಟೊಂದು ಅಷ್ಟೇ ಚೆನ್ನಾಗಿ ಮಾಡಿತೆಂಬುದು.

ವಿದ್ಯುತ್ತು ಬೇಡವಾದ ಯಂತ್ರಕ್ಕೆ ಸಂಚಾರವೂ ಸುಲಭ. ಬಟ್ಟೆಯ ಚೀಲದಲ್ಲಿಟ್ಟುಕೊಂಡು ಎರಡು ಭಾನುವಾರಗಳಲ್ಲಿ ಇಬ್ಬರು ಮಿತ್ರರ ಮನೆಗೆ ಹೋದೆ. ಒಬ್ಬರು ವೈಟ್‌ಫೀಲ್ಡಿನ ಎತ್ತರದ ವಸತಿಸಮುಚ್ಚಯವೊಂದರ ಹದಿನಾಲ್ಕನೆಯ ಅಂತಸ್ತಿನವರು. ಗೋಡೆಯಾಚೆ ಹಸುಗೂಸಿರುವುದರಿಂದ ರಾತ್ರಿ ಪಿಸುದನಿಗಿಂತ ಮೇಲೆ ಕೇಳುವಂತಿಲ್ಲ. ಅಲ್ಲಿ ಗುಂಡಿಯನ್ನು ತೀರ ಕೆಳಕ್ಕಿಳಿಸಿದಾಗ ಗಾಯಕರು ನಡುವಿನಿಂದ ಎಡಕ್ಕೆ ಸರಿದು ಕುಳಿತರು. ಅಳೆದು ನೋಡಿದರೆ ಎಡಕ್ಕೆ 20 ಮಿಲಿವೋಲ್ಟು, ಬಲಕ್ಕೆ 14. ಒಂದೇ ದಂಡಿಯ ಮೇಲಿನ ಎರಡು ಇಂಗಾಲದ ಪಟ್ಟಿಗಳು ಬುಡದಲ್ಲಿ ಒಂದನ್ನೊಂದು ಹೋಲದಿರುವುದು ಸಾಮಾನ್ಯ ಪಾಟುಗಳ ಜಾತಿದೋಷ. ಆಂಪ್ಲಿಫೈಯರಿನ ಬಾಗಿಲಲ್ಲಿ ಕಡೆಗೆರಡರಂತೆ ಸ್ಥಿರ ರೋಧಕಗಳನ್ನು ಬೆಸೆದು ಸದ್ದನ್ನು ಅಲ್ಲಿಯೇ ಮೂರನೆಯ ಒಂದಕ್ಕೆ ಇಳಿಸಿದೆವು. ಗುಂಡಿ ನಡುಸುತ್ತಿಗೆ ಬಂದಿತು, ಗಾಯಕರು ತಮ್ಮ ಸ್ಥಾನಕ್ಕೆ ಹಿಂದಿರುಗಿದರು. ಹೆಚ್ಚು ಹಣ ಹಾಕಲು ಸಿದ್ಧವಿರುವವರಿಗೆ, ಇಂಗಾಲದ ಪಟ್ಟಿಯ ಬದಲು ಬಿಡಿಬಿಡಿಯಾಗಿ ಆರಿಸಿದ ರೋಧಕಗಳುಳ್ಳ 24 ಹಂತಗಳ ಸ್ವಿಚ್ಚು ಸಿಗುತ್ತದೆ. ಎಡಬಲಗಳು ಪ್ರತಿ ಹಂತದಲ್ಲಿಯೂ ತಾಳೆಯಾಗುತ್ತವೆ. ವೀಣೆಯ ಮೆಟ್ಟಿಲುಗಳಷ್ಟೇ ಅದಕ್ಕೂ ಹಂತಗಳಿರುವುದು ಕಾಕತಾಳೀಯವಾದರೂ ನನಗೆ ಸಂತೋಷವನ್ನು ತಂದಿತು. ಪಾಟಿನ ಬದಲು ಟ್ರಾನ್ಸ್‌ಫಾರ್ಮರಿನ ಸುತ್ತುಗಳಿಂದಲೂ, ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಕೋಶಗಳಿಂದಲೂ ಇದೇ ಕೆಲಸವನ್ನು ಸಾಧಿಸುವವರಿದ್ದಾರೆ.

ಇನ್ನೊಬ್ಬ ಮಿತ್ರರಿರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಆರ್.ಕೆ. ಬಾಳಿಗರು ಕಿಯೋನಿಕ್ಸ್ ಸಂಸ್ಥೆಯ ಮೂಲಕ 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಗಳಲ್ಲಿ ನೆಟ್ಟ ಆ ಕನಸಿನೂರಿಗೆ ಈಗ ಆರ್.ವಿ. ರೋಡಿನಲ್ಲಿ ರೈಲು ಬದಲಿಸಿ ಹಳದಿ ಮಾರ್ಗದಲ್ಲಿ ಹೋಗಬಹುದು. ಅವರ ಮೇಜಿನ ಮೇಲೆ ಡ್ಯಾಕು, ಗೇಣುದ್ದದ ತಂತಿ, ಪುಟ್ಟ ಪವರ್ ಆಂಪ್ಲಿಫೈಯರು. ನಮ್ಮ ಪೆಟ್ಟಿಗೆಗೆ ಅದಕ್ಕಿಂತ ಅನುಕೂಲವಾದ ನೆರೆಹೊರೆ ಇರಲಾರದು. ಐದು ನಿಮಿಷದಲ್ಲಿ ಜೋಡಿಸಿ, ಉಳಿದ ಬೆಳಗನ್ನೆಲ್ಲ ಗಂಗೂಬಾಯಿ ಹಾನಗಲ್ಲರ ಭೈರವಕ್ಕೆ ಕೊಟ್ಟೆವು.

ಮನೆಯಲ್ಲಿ ನಮ್ಮ ತಂದೆಯವರ ಕಾಲದ ಎಲ್‌ಪಿ ತಟ್ಟೆಗಳು ನಲವತ್ತರಷ್ಟಿವೆ. ಅವುಗಳಿಗೆ ಈ ಪೆಟ್ಟಿಗೆ ಒಂದೇ ಸಾಲದು, ಮುಳ್ಳಿಗೂ ಅದಕ್ಕೂ ನಡುವೆ ಫೋನೋ ಸ್ಟೇಜೆಂಬ ಸಕ್ರಿಯ ಯಂತ್ರವನ್ನು ಬೇರೆಯಾಗಿಯೇ ಇರಿಸಿದ್ದೇನೆ. ಬಾವಿಗೆ ಪಂಪು ಬೇಕೆಂದು ಮೊದಲೇ ಹೇಳಿದೆನಲ್ಲ. ಎಫ್‌ಎಂ ಟ್ಯೂನರು ಕೊಡುವುದು ಅರ್ಧ ವೋಲ್ಟಿನಷ್ಟು. ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಸ್ಪೀಕರಿಗೆ 12 ವ್ಯಾಟಿಗಿಂತ ಹೆಚ್ಚು ಬಾರದು, ಬೆಳಗಿನ ಹೊತ್ತು 100.1ರಲ್ಲಿ ಆಕಾಶವಾಣಿಯ ಅಮೃತವರ್ಷಿಣಿಯನ್ನು ಕೇಳಲು ಅದರ ಹತ್ತನೆಯ ಒಂದು ಪಾಲೂ ಬೇಕಾಗುವುದಿಲ್ಲ.

ಗುಂಡಿ ಕಡೆದುಕೊಟ್ಟ ಯಜಮಾನರು ಧನುರ್ಮಾಸದಲ್ಲೊಂದು ಸಂಜೆ ಮನೆಗೆ ಬಂದರು. ಮನ್ಸೂರರನ್ನು ಹಾಕಿದೆ. ಅವರು ಕುರ್ಚಿಯಲ್ಲಿ ಕೂರದೆ ಪೆಟ್ಟಿಗೆಯ ಬಳಿ ನಿಂತು, ತಾವೇ ಕಡೆದ ಗುಂಡಿಯ ಮೇಲೆ ಎರಡು ಬೆರಳಿಟ್ಟು, ಬಹಳ ನಿಧಾನವಾಗಿ ಏರಿಸುತ್ತ ಇಳಿಸುತ್ತ ಕೇಳಿದರು. ಹಿಂದಕ್ಕೆ ಬಗ್ಗಿ, ಪ್ಲಗ್ಗಿನ ತಂತಿ ಎಲ್ಲಿಯೂ ಇಲ್ಲವೆಂಬುದನ್ನು ಮತ್ತೊಮ್ಮೆ ನೋಡಿಕೊಂಡರು. ತಮಗೂ ಒಂದು ಬೇಕೆಂದರು. ಮೊದಲು ನಿಮ್ಮ ಆಂಪ್ಲಿಫೈಯರನ್ನು ನೋಡಬೇಕು, ಅದು ಒಡ್ಡುವ ತಡೆ ಎಷ್ಟೆಂದು ತಿಳಿಯದೆ ಪಾಟು ತರುವುದು ಬೇಡ ಎಂದೆ. ಮರುದಿನವೇ ಸ್ಕೂಟರಿನ ಮುಂದೆ ಕಾಲುಗಳ ನಡುವೆ ಅದನ್ನಿಟ್ಟುಕೊಂಡು ಬಂದಿಳಿದರು. ಜಗುಲಿಯ ಮೇಲೆಯೇ ಮುಚ್ಚಳ ತೆಗೆದೆವು. ಒಳಬಾಗಿಲ ಸಾಕೆಟ್ಟಿನ ಹಿಂದೆ, ಧೂಳಿನಡಿಯಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ರೋಧಕವೊಂದು ಗ್ರೌಂಡಿಗೆ ಸೇರಿತ್ತು. ಬ್ರಷ್ಷಿನಿಂದ ಅದನ್ನು ಒರೆಸಿ, ಟಾರ್ಚ್ ಹಿಡಿದು ಪಟ್ಟೆಗಳನ್ನು ಓದಿದೆ: ಕೆಂಪು, ಕೆಂಪು, ಕಿತ್ತಳೆ. 22 ಕಿಲೋ ಓಮ್; ಎರಡೂವರೆಯ ಸುಮಾರು ಒಂಬತ್ತು ಪಟ್ಟು, ಹತ್ತಕ್ಕೆ ತುಸುವೇ ಕಡಮೆ. ಆಗುತ್ತದೆ ಎಂದೆ. ಅವರು ಷರಟಿನ ಜೇಬಿಗೆ ಕೈಹಾಕಿ, ಹತ್ತಿಯ ವೇಸ್ಟಿನಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಗುಂಡಿಯನ್ನು ತೆಗೆದು ಮುಚ್ಚಳದ ಮೇಲಿಟ್ಟರು.